ರೋಮನ್ ಬೆಳ್ಳಿ ನಾಣ್ಯ: ಒಂದೇ ಒಂದು ಕೊಳ್ಳುವುದಾದರೆ ಯಾವುದು?

ರೋಮನ್ ನಾಣ್ಯಗಳ ಕಡೆ ಮನಸ್ಸು ಹೋದವರು ನನ್ನನ್ನು ಕೇಳುವುದು ಹೆಚ್ಚೂಕಡಿಮೆ ಒಂದೇ ಪ್ರಶ್ನೆ. ಒಂದು ಒಳ್ಳೆ ಬೆಳ್ಳಿ ನಾಣ್ಯ ತಗೋಬೇಕು, ಆದರೆ ಯಾವುದು? ಸೀಸರ್‌ನ ಆನೆಯದ್ದಾ? ಬೈಬಲ್ ಕಥೆಯ ಟೈಬೀರಿಯಸ್ ನಾಣ್ಯವಾ? ಅಥವಾ ಕಡಿಮೆ ಬೆಲೆಗೆ ಸಿಗುವ ಮೂರನೇ ಶತಮಾನದ್ದು ಸಾಕಾ? ಎಲ್ಲವೂ ಬೆರಳ ತುದಿಯ ಮೇಲೆ ಕೂರುವಷ್ಟು ಚಿಕ್ಕವು. ಆದರೆ ಒಂದರ ಬೆಲೆಗೆ ಇನ್ನೊಂದು ಹತ್ತು ಬರುತ್ತವೆ.

ನಾನು ಎಲ್ಲರಿಗೂ ಹೇಳುವುದು, ನಾಣ್ಯವನ್ನು ತಿರುಗಿಸಿ ನೋಡಿ ಅಂತ. ಮುಂದೆ ಸಾಮಾನ್ಯವಾಗಿ ದೊರೆಯ ಮುಖ ಇರುತ್ತದೆ. ಅವನು ಜನರಿಗೆ ಏನು ಹೇಳಬೇಕು ಅಂದುಕೊಂಡಿದ್ದನೋ ಅದು ಹಿಂದೆ ಇರುತ್ತದೆ. ಬರೀ ಹೆಸರು ನೋಡಿ ಕೊಂಡ ನಾಣ್ಯ ವರ್ಷದೊಳಗೆ ಡಬ್ಬಿ ಸೇರಿದ್ದನ್ನು ನೋಡಿದ್ದೇನೆ. ಹಿಂದಿನ ಚಿತ್ರ ಓದಲು ಕಲಿತವರು ಮಾತ್ರ ಅದನ್ನು ಮತ್ತೆ ಮತ್ತೆ ತೆಗೆದು ನೋಡುತ್ತಾರೆ.

ಯಾವುದನ್ನು ನೋಡಿ ತೂಗಬೇಕು

ಮೊದಲನೆಯದು ಚಿತ್ರವೇ. ಅದರ ಅರ್ಥ ನಿಮಗೆ ಗೊತ್ತಾಗುತ್ತದಾ, ಗೊತ್ತಾದ ಮೇಲೂ ನೋಡಬೇಕು ಅನ್ನಿಸುತ್ತದಾ?

ಎರಡನೆಯದು ಬೆಳ್ಳಿ. ದಿನಾರಿಯಸ್ ಎಂಬ ಬೆಳ್ಳಿ ನಾಣ್ಯ ಶುರುವಾದದ್ದು ಕ್ರಿ.ಪೂ. 211ರ ಸುಮಾರಿಗೆ, ಕಾರ್ಥೇಜಿನ ಸೇನಾಪತಿ ಹ್ಯಾನಿಬಲ್ ಜೊತೆ ಯುದ್ಧ ನಡೆಯುತ್ತಿದ್ದಾಗ. ನಮ್ಮ ಹಳೆಯ ಬರಹಗಳ 'ದೀನಾರ' ಬಂದದ್ದು ಈ ಹೆಸರಿನಿಂದಲೇ. ಮೊದಲು ತೂಕ ಸುಮಾರು ನಾಲ್ಕೂವರೆ ಗ್ರಾಂ ಇತ್ತು. ಆಮೇಲೆ ಒಂದು ರೋಮನ್ ಪೌಂಡಿಗೆ 84 ನಾಣ್ಯದ ಲೆಕ್ಕ ನಿಂತಿತು. ಆಗ ಅದು ಹೆಚ್ಚೂಕಡಿಮೆ ಶುದ್ಧ ಬೆಳ್ಳಿ. ಕ್ರಿ.ಶ. 64ರಲ್ಲಿ ಚಕ್ರವರ್ತಿ ನೀರೋ ಇದನ್ನು 96 ಮಾಡಿದ, ಜೊತೆಗೆ ತಾಮ್ರವನ್ನೂ ಬೆರೆಸಿದ. ಕ್ರಿ.ಶ. 200ರ ಸುಮಾರಿನ ಚಕ್ರವರ್ತಿ ಸೆಪ್ಟಿಮಿಯಸ್ ಸೆವೆರಸ್ ಹೊತ್ತಿಗೆ ಬೆಳ್ಳಿ ಅರ್ಧದ ಆಸುಪಾಸಿಗೆ ಇಳಿದಿತ್ತು. 260ರ ದಶಕದ ಕೊನೆಯ ನಾಣ್ಯಗಳಲ್ಲಿ ಉಳಿದದ್ದು ಬೆಳ್ಳಿಯ ತೆಳು ಲೇಪ ಮಾತ್ರ. 'ಬೆಳ್ಳಿ ನಾಣ್ಯ' ಅಂತ ಮಾರುವ ಎಲ್ಲದರಲ್ಲೂ ಬೆಳ್ಳಿ ಇರುವುದಿಲ್ಲ ಅನ್ನುವುದು ನೆನಪಿರಲಿ.

ಮೂರನೆಯದು ಸ್ಥಿತಿ. ಇದನ್ನು ಇಡೀ ನಾಣ್ಯಕ್ಕೆ ಸೇರಿಸಿ ನೋಡಬೇಡಿ, ನಿಮಗೆ ಬೇಕಾದ ಚಿತ್ರ ಇರುವ ಜಾಗದಲ್ಲಿ ನೋಡಿ. ಆಗ ಪ್ರತಿ ನಾಣ್ಯವನ್ನೂ ಅಚ್ಚಿನ ಮೇಲಿಟ್ಟು ಸುತ್ತಿಗೆಯಿಂದ ಹೊಡೆದು ಮಾಡುತ್ತಿದ್ದರು. ಏಟು ಒಂದು ಪಕ್ಕಕ್ಕೆ ಸರಿದರೆ ಚಿತ್ರದ ತುದಿ ನಾಣ್ಯದ ಆಚೆ ಹೋಗುತ್ತಿತ್ತು.

ನಾಲ್ಕನೆಯದು ಬೆಲೆ, ಐದನೆಯದು ಕಾಗದಪತ್ರ. ಐದನೆಯದನ್ನು ಸುಮ್ನೆ ಬಿಡುವವರೇ ಜಾಸ್ತಿ, ಅದಕ್ಕೇ ಅದರ ಬಗ್ಗೆ ಆಮೇಲೆ ಬಿಡಿಸಿ ಹೇಳುತ್ತೇನೆ.

ಗಣರಾಜ್ಯದ ಕಾಲದವು: ಕಥೆ ಬೇಕು ಅನ್ನುವವರಿಗೆ

ಚಕ್ರವರ್ತಿಗಳು ಬರುವ ಮೊದಲು ರೋಮ್‌ನ ಟಂಕಸಾಲೆಯನ್ನು ನೋಡಿಕೊಳ್ಳುತ್ತಿದ್ದವರು ರಾಜಕೀಯಕ್ಕೆ ಕಾಲಿಡುತ್ತಿದ್ದ ಎಳೆಯ ಅಧಿಕಾರಿಗಳು. ಶುರುವಿನಲ್ಲಿ ಎಲ್ಲ ನಾಣ್ಯದ ಮೇಲೂ ಒಂದೇ ಚಿತ್ರ. ಮುಂದೆ ಶಿರಸ್ತ್ರಾಣ ತೊಟ್ಟ ರೋಮಾ ದೇವಿ, ಹಿಂದೆ ಕುದುರೆ ಓಡಿಸುವ ಅವಳಿ ದೇವರು ಕ್ಯಾಸ್ಟರ್ ಮತ್ತು ಪಾಲಕ್ಸ್. ಕ್ರಮೇಣ ಈ ಅಧಿಕಾರಿಗಳು ತಮ್ಮ ಮನೆತನದ ಹೆಮ್ಮೆಯನ್ನೇ ನಾಣ್ಯಕ್ಕೆ ಹಾಕತೊಡಗಿದರು. ಕ್ರಿ.ಪೂ. 89ರಲ್ಲಿ ಟಿಟೂರಿಯಸ್ ಸಬೀನಸ್ ತನ್ನ ಹೆಸರಿಗೆ ಹೊಂದುವಂತೆ ರೋಮ್‌ನ ಮೊದಲ ಜನ ನೆರೆಯ ಸಬೈನ್ ಹೆಂಗಸರನ್ನು ಹೊತ್ತೊಯ್ದ ಕಥೆ ಹಾಕಿಸಿದ. ಅವನದೇ ಇನ್ನೊಂದು ನಾಣ್ಯದಲ್ಲಿ ಊರಿಗೆ ದ್ರೋಹ ಬಗೆದ ಟಾರ್ಪಿಯಾ ಗುರಾಣಿಗಳ ರಾಶಿಯಲ್ಲಿ ಹೂತುಹೋಗುತ್ತಿದ್ದಾಳೆ.

ನನಗೆ ಇವುಗಳಲ್ಲೆಲ್ಲ ತುಂಬಾ ಹತ್ತಿರವಾದದ್ದು ಕ್ರಿ.ಪೂ. 82ರ ಮಾಮಿಲಿಯಸ್ ಲಿಮೆಟಾನಸ್‌ನ ನಾಣ್ಯ. ಮುಂದೆ ರೆಕ್ಕೆಯ ಟೋಪಿ ಹಾಕಿದ ಮರ್ಕ್ಯುರಿ ದೇವರು. ಹಿಂದೆ ಒಬ್ಬ ಗಡ್ಡದ ದಾರಿಹೋಕ, ಕೈಯಲ್ಲಿ ಉದ್ದ ಕೋಲು, ತಲೆಗೆ ಚೂಪು ಟೋಪಿ. ಅವನು ಒಂದು ಕೈ ಮುಂದೆ ಚಾಚಿದ್ದಾನೆ. ಆ ಕೈಯ ಕೆಳಗೆ ಒಂದು ನಾಯಿ ಅವನತ್ತ ಮುಖ ಎತ್ತಿ ನಿಂತಿದೆ. ಹೋಮರನ ಒಡಿಸ್ಸಿ ಕಾವ್ಯದಲ್ಲಿ ಇಪ್ಪತ್ತು ವರ್ಷ ಬಿಟ್ಟು ಮನೆಗೆ ಬಂದ ಯೂಲಿಸಿಸ್‌ನನ್ನು ಅವನ ಮುದಿ ನಾಯಿ ಆರ್ಗೋಸ್ ಗುರುತು ಹಿಡಿದ ಗಳಿಗೆ ಇದು. ಮಾಮಿಲಿಯಸ್ ಮನೆತನದವರು ತಾವು ಯೂಲಿಸಿಸ್‌ನ ಮಗ ಟೆಲಿಗೋನಸ್‌ನ ವಂಶ ಅಂತ ಹೇಳಿಕೊಳ್ಳುತ್ತಿದ್ದರು. ಎರಡು ಸೆಂಟಿಮೀಟರ್ ಅಗಲದ ಬೆಳ್ಳಿಯಲ್ಲಿ ಒಂದು ಮಹಾಕಾವ್ಯದ ಇಷ್ಟು ಮೆತ್ತನೆಯ ಗಳಿಗೆಯನ್ನು ಹಿಡಿದವನ ಕೈಗೆ ಈಗಲೂ ನಮಸ್ಕಾರ ಮಾಡಬೇಕು ಅನ್ನಿಸುತ್ತದೆ.

ಈ ನಾಣ್ಯದ ಅಂಚಿನಲ್ಲಿ ಗರಗಸದ ಹಲ್ಲಿನ ಹಾಗೆ ಕಚ್ಚುಗಳಿವೆ. ಒಳಗೂ ಬೆಳ್ಳಿಯೇ ಇದೆ ಅಂತ ತೋರಿಸಲು ಹೀಗೆ ಕೊಯ್ಯುತ್ತಿದ್ದರು ಅನ್ನುವ ಮಾತುಂಟು. ಆದರೆ ಒಳಗೆ ತಾಮ್ರವಿಟ್ಟ ಹಲ್ಲಿನ ನಾಣ್ಯಗಳೂ ಸಿಕ್ಕಿವೆ. ಹಾಗಾಗಿ ಹಲ್ಲು ನೋಡಿ ನಂಬಬೇಡಿ.

ಗಣರಾಜ್ಯದ ನಾಣ್ಯಗಳಲ್ಲಿ ಬೆಳ್ಳಿ ಚೆನ್ನಾಗಿರುತ್ತದೆ, ಚಿತ್ರದಲ್ಲಿ ವೈವಿಧ್ಯ ಹೇರಳ. ಹೆಚ್ಚು ಪ್ರಸಿದ್ಧವಲ್ಲದವು ನೂರೈವತ್ತು, ಇನ್ನೂರು ಡಾಲರ್ ಆಸುಪಾಸಿನಲ್ಲಿ ಸಿಗುತ್ತವೆ. ಯೂಲಿಸಿಸ್‌ನಂಥವಕ್ಕೆ ಅದರ ಎರಡು ಮೂರು ಪಟ್ಟು. ತೊಂದರೆ ಅಂದರೆ ಪ್ರತಿ ಚಿತ್ರಕ್ಕೂ ಒಂದು ಕಥೆ ಗೊತ್ತಿರಬೇಕು. ಓದುವ ತಾಳ್ಮೆ ಇದ್ದರೆ ಇದಕ್ಕಿಂತ ಒಳ್ಳೆ ಆಯ್ಕೆ ಇಲ್ಲ.

ಸೀಸರ್‌ನ ಆನೆ, ಆಂಟನಿಯ ಹಡಗು

ಕ್ರಿ.ಪೂ. 49ರಲ್ಲಿ ಸೀಸರ್ ರೋಮ್ ವಿರುದ್ಧವೇ ಸೈನ್ಯ ತಂದ. ಆ ಸೈನಿಕರ ಸಂಬಳಕ್ಕೆ ಆ ಕಾಲದಲ್ಲಿ ಹೊಡೆದ ನಾಣ್ಯ ಇದು. ಮುಂದೆ ಆನೆ, ಅದರ ಕಾಲಡಿ ಹಾವು, ಕೆಳಗೆ ಸೀಸರ್ ಎಂಬ ಹೆಸರು. ಹಿಂದೆ ಪೂಜೆಯ ಸಾಮಾನು: ಸೌಟು, ನೀರು ಚಿಮುಕಿಸುವ ಕುಂಚ, ಬಲಿಯ ಕೊಡಲಿ, ಪುರೋಹಿತರ ಟೋಪಿ. ಸೀಸರ್ ಆಗ ರೋಮ್‌ನ ಪ್ರಧಾನ ಪುರೋಹಿತ. ದಂಗೆ ಎದ್ದವನೇ ಧರ್ಮ ತನ್ನ ಕಡೆ ಇದೆ ಅನ್ನುತ್ತಿದ್ದಾನೆ. ಆನೆ ಹಾವುಗಳ ಅರ್ಥವೇನು ಅಂತ ಇವತ್ತಿಗೂ ವಾದ ಇದೆ. ಅದು ಹಾವೇ ಅಲ್ಲ, ಗಾಲ್ ಜನರ ಯುದ್ಧದ ಕಹಳೆ ಅನ್ನುವವರೂ ಇದ್ದಾರೆ.

ಎಲ್ಲರಿಗೂ ಬೇಕಾದ ನಾಣ್ಯ, ಹಾಗಾಗಿ ಬೆಲೆ ಸಾಮಾನ್ಯವಾಗಿ ಐನೂರು ಡಾಲರ್ ದಾಟುತ್ತದೆ, ಚೆಂದದ್ದು ಸಾವಿರವನ್ನೂ ಮೀರುತ್ತದೆ. ನಕಲಿಯೂ ಇದಕ್ಕೇ ಜಾಸ್ತಿ. ಕೊಳ್ಳುವಾಗ ಸೀಸರ್ ಹೆಸರಿನ ಅಕ್ಷರಗಳು ಪೂರ್ತಿ ಇವೆಯಾ ನೋಡಿ. ಎಷ್ಟೋ ನಾಣ್ಯಗಳಲ್ಲಿ ಆ ಸಾಲೇ ಅರ್ಧ ಆಚೆ ಹೋಗಿರುತ್ತದೆ. ಹೆಸರಿಲ್ಲದ ಸೀಸರ್‌ಗೆ ಅಷ್ಟು ದುಡ್ಡು ಕೊಡುವುದು ಬೇಡ.

ಅದೇ ಅಂತರ್ಯುದ್ಧದ ವಾಸನೆ ಕಡಿಮೆ ದುಡ್ಡಿಗೆ ಬೇಕಾದರೆ ಮಾರ್ಕ್ ಆಂಟನಿಯ ದಳದ ನಾಣ್ಯ ನೋಡಿ. ಕ್ರಿ.ಪೂ. 32-31ರಲ್ಲಿ, ಅವನು ಸೋತ ಆಕ್ಟಿಯಂ ಕದನಕ್ಕೆ ಮುಂಚೆ, ತನ್ನ ಸೈನ್ಯದ ದಳಗಳಿಗಾಗಿ ಹೊಡೆಸಿದ್ದು. ಒಂದು ಕಡೆ ಯುದ್ಧದ ಹಡಗು, ಇನ್ನೊಂದು ಕಡೆ ಎರಡು ಧ್ವಜಗಳ ನಡುವೆ ದಳದ ಹದ್ದು, ಕೆಳಗೆ ದಳದ ಸಂಖ್ಯೆ. ಇದರಲ್ಲಿ ಬೆಳ್ಳಿ ಕಡಿಮೆ ಇತ್ತು. ಕರಗಿಸಿದರೆ ಲಾಭವಿಲ್ಲ ಅಂತ ಯಾರೂ ಕರಗಿಸಲಿಲ್ಲ, ಶತಮಾನಗಟ್ಟಲೆ ಕೈಯಿಂದ ಕೈಗೆ ಓಡಾಡಿತು. ಅದಕ್ಕೇ ಹೆಚ್ಚಿನವು ತುಂಬಾ ಸವೆದಿವೆ, ಸವೆದದ್ದು ಅಗ್ಗವಾಗಿಯೂ ಸಿಗುತ್ತದೆ. ದಳದ ಸಂಖ್ಯೆ ಓದಲು ಬಂದರೆ ಸಾಕು, ಉಳಿದ ಸವೆತವನ್ನು ನಾನು ಕ್ಷಮಿಸುತ್ತೇನೆ.

ಆಗಸ್ಟಸ್, ಟೈಬೀರಿಯಸ್: ನಮ್ಮ ನೆಲಕ್ಕೂ ಬಂದವು

ಆಗಸ್ಟಸ್ ರೋಮ್‌ನ ಮೊದಲ ಚಕ್ರವರ್ತಿ, ಟೈಬೀರಿಯಸ್ ಅವನ ನಂತರ ಬಂದವನು. ಕರ್ನಾಟಕದವರಿಗೆ ಈ ಇಬ್ಬರ ನಾಣ್ಯಗಳ ಮೇಲೆ ಬೇರೆಯೇ ಪ್ರೀತಿ ಹುಟ್ಟಲು ಕಾರಣವಿದೆ. ಬೆಂಗಳೂರಿನ ಯಶವಂತಪುರದಲ್ಲಿ 1891ರಲ್ಲಿ ರೋಮನ್ ಬೆಳ್ಳಿ ನಾಣ್ಯಗಳ ನಿಧಿ ಸಿಕ್ಕಿತು, 1965ರಲ್ಲಿ ಎಚ್‌ಎಎಲ್ ಹತ್ತಿರ ಇನ್ನೊಂದು. ಆಗಸ್ಟಸ್, ಟೈಬೀರಿಯಸ್, ಕ್ಲಾಡಿಯಸ್ ಕಾಲದವು ಅವುಗಳಲ್ಲಿದ್ದವು. ಚಿತ್ರದುರ್ಗದ ಚಂದ್ರವಳ್ಳಿಯಲ್ಲೂ ರೋಮನ್ ಬೆಳ್ಳಿ ಸಿಕ್ಕಿದೆ. ಭಾರತದ ಸಾಮಾನಿಗಾಗಿ ವರ್ಷಕ್ಕೆ 5 ಕೋಟಿ ಸೆಸ್ಟರ್ಸ್ ಹೋಗುತ್ತಿದೆ ಅಂತ ಆ ಕಾಲದ ರೋಮನ್ ಲೇಖಕ ಪ್ಲಿನಿ ಸಂಕಟಪಟ್ಟುಕೊಂಡಿದ್ದಾನೆ. ನಾಲ್ಕು ಸೆಸ್ಟರ್ಸ್ ಅಂದರೆ ಒಂದು ದಿನಾರಿಯಸ್. ಇಲ್ಲಿ ಸಿಗುವ ಬೆಳ್ಳಿಯಲ್ಲಿ ಹೆಚ್ಚಿನವು ನೀರೋ ತಾಮ್ರ ಬೆರೆಸುವ ಮೊದಲಿನವು. ಲೋಹ ನೋಡಿ ತೆಗೆದುಕೊಳ್ಳುವ ವ್ಯಾಪಾರಿಗಳಿಗೆ ಹಳೆಯ ನಾಣ್ಯವೇ ಬೇಕಿತ್ತು ಅನ್ನುವುದು ಅದಕ್ಕೆ ಸಾಮಾನ್ಯವಾಗಿ ಕೊಡುವ ಕಾರಣ.

ಟೈಬೀರಿಯಸ್ ನಾಣ್ಯದ ಹಿಂದೆ ಕುರ್ಚಿಯಲ್ಲಿ ಕೂತ ಹೆಂಗಸು, ಒಂದು ಕೈಯಲ್ಲಿ ದಂಡ, ಇನ್ನೊಂದರಲ್ಲಿ ರೆಂಬೆ. ಶಾಂತಿದೇವತೆಯ ರೂಪದಲ್ಲಿರುವ ಅವನ ತಾಯಿ ಲಿವಿಯಾ ಅಂತ ಬಹಳ ಜನ ಗುರುತಿಸುತ್ತಾರೆ. 'ಸೀಸರ್‌ನದನ್ನು ಸೀಸರ್‌ಗೆ ಕೊಡಿ' (ಇಲ್ಲಿ ಸೀಸರ್ ಅಂದರೆ ಚಕ್ರವರ್ತಿ) ಅಂತ ಯೇಸು ಹೇಳಿದಾಗ ತೋರಿಸಿದ್ದು ಇದನ್ನೇ ಅನ್ನುವ ನಂಬಿಕೆಯಿಂದ ಇದರ ಬೆಲೆ ಏರಿದೆ. ನಾಣ್ಯವೇನೂ ಅಪರೂಪದ್ದಲ್ಲ. ಟೈಬೀರಿಯಸ್ ತನ್ನ ಆಳ್ವಿಕೆಯಲ್ಲಿ ಬೆಳ್ಳಿಗೆ ಹೆಚ್ಚೂಕಡಿಮೆ ಇದೊಂದೇ ಚಿತ್ರ ಬಳಸಿದ. ಆ ವಾಕ್ಯ ನಿಮಗೆ ಮುಖ್ಯವಾದರೆ ಮುನ್ನೂರರಿಂದ ಐನೂರು ಡಾಲರ್ ಕೊಡಿ, ತಪ್ಪಿಲ್ಲ. ಇಲ್ಲದಿದ್ದರೆ ಆಗಸ್ಟಸ್‌ನದನ್ನು ನೋಡಿ ಅನ್ನುತ್ತೇನೆ.

ಆ ಆಗಸ್ಟಸ್ ನಾಣ್ಯ ಈಗಿನ ಫ್ರಾನ್ಸಿನ ಲಿಯಾನ್‌ನಲ್ಲಿ, ಕ್ರಿ.ಪೂ. 2ರಿಂದ ಹೊಡೆದದ್ದು. ಹಿಂಭಾಗದಲ್ಲಿ ಟೋಗಾ ಉಟ್ಟ ಇಬ್ಬರು ಹುಡುಗರು ಅಕ್ಕಪಕ್ಕ ನಿಂತಿದ್ದಾರೆ. ಇಬ್ಬರ ಕೈಯೂ ಗುರಾಣಿಯ ಮೇಲೆ, ಹಿಂದೆ ಈಟಿಗಳು, ಮೇಲೆ ಪೂಜೆಯ ಸೌಟು ಮತ್ತು ಶಕುನ ನೋಡುವವರ ಬಾಗಿದ ಕೋಲು. ಇವರು ಗಾಯಸ್ ಮತ್ತು ಲೂಸಿಯಸ್. ಆಗಸ್ಟಸ್‌ನ ಮಗಳ ಮಕ್ಕಳು, ಅವನೇ ದತ್ತು ತೆಗೆದುಕೊಂಡವರು. ಮುಂದಿನ ದೊರೆಗಳು ಇವರೇ ಅಂತ ಇಡೀ ಸಾಮ್ರಾಜ್ಯಕ್ಕೆ ಸಾರಿದ ಚಿತ್ರ ಇದು. ಲೂಸಿಯಸ್ ಕ್ರಿ.ಶ. 2ರಲ್ಲಿ ಸತ್ತ, ಗಾಯಸ್ 4ರಲ್ಲಿ. ತಾತ ಇನ್ನೂ ಬದುಕಿದ್ದ. ಹುಡುಗರ ಚಿತ್ರ ಮಾತ್ರ ಹಡಗು ಹತ್ತಿ ಭಾರತದವರೆಗೂ ಬಂತು. ಇಲ್ಲಿಯವರು ಇದನ್ನು ನೋಡಿ ನಕಲು ಮಾಡಿದ ನಾಣ್ಯಗಳೂ ಸಿಕ್ಕಿವೆ. ಇದು ಸಾಮಾನ್ಯವಾಗಿ ಟೈಬೀರಿಯಸ್‌ಗಿಂತ ಅಗ್ಗ, ಬೆಳ್ಳಿ ಅಷ್ಟೇ ಒಳ್ಳೆಯದು, ಕಥೆ ಇನ್ನೂ ದೊಡ್ಡದು. ಇಲ್ಲಿಯವರು ಒಂದೇ ಒಂದು ಕೊಳ್ಳುವುದಾದರೆ ನಾನು ಇದನ್ನೇ ಹೇಳುತ್ತೇನೆ.

ಎರಡನೇ ಶತಮಾನ: ಅಕ್ಷರಮಾಲೆ ಕಲಿಯುವವರಿಗೆ

ಅದಕ್ಕೆ ಹೋಗುವ ಮೊದಲು, ಒಂದನೇ ಶತಮಾನದ ಕೊನೆಯ ವೆಸ್ಪೇಷಿಯನ್ ಮನೆತನದ ಕಾಲದಲ್ಲಿ ಎರಡು ಚಿತ್ರ ಗಮನಿಸಿ. ಗೆದ್ದ ಆಯುಧಗಳ ಕಂಬದ ಬುಡದಲ್ಲಿ ಅಳುತ್ತಾ ಕೂತ, ರೋಮ್ ಸೋಲಿಸಿದ ಯಹೂದಿಗಳ ನಾಡು ಜುಡೇಯದ ಹೆಂಗಸು ಒಂದು. ವೆಸ್ಪೇಷಿಯನ್‌ನ ಮಗ ಟೈಟಸ್ ಕ್ರಿ.ಶ. 80ರಲ್ಲಿ ಹೊಡೆಸಿದ ಆನೆ ಇನ್ನೊಂದು. ಅದು ಕೊಲೋಸಿಯಂ ಉದ್ಘಾಟನೆಯ ಆಟಗಳನ್ನು ನೆನಪಿಸುವ ಆನೆ. ಸೀಸರ್‌ನ ಆನೆಗೆ ದುಡ್ಡು ಸಾಲದವರು ಇದನ್ನು ಹುಡುಕಬಹುದು.

ಟ್ರಾಜನ್, ಹೇಡ್ರಿಯನ್, ಆಂಟೊನೈನಸ್ ಪಯಸ್ ಕಾಲಕ್ಕೆ ಬಂದರೆ ಹೊಸಬರಿಗೆ ನಿಜವಾದ ಹಬ್ಬ. ನಾಣ್ಯಗಳು ಹೇರಳ, ಬೆಳ್ಳಿ ಪರವಾಗಿಲ್ಲ, ನೂರರಿಂದ ಇನ್ನೂರು ಡಾಲರ್‌ಗೆ ಚೆನ್ನಾಗಿರುವುದೇ ಸಿಗುತ್ತದೆ. ಒಳ್ಳೆಯ ಗುಣಗಳನ್ನೆಲ್ಲ ಹೆಂಗಸಿನ ರೂಪದಲ್ಲಿ ನಿಲ್ಲಿಸಿ ತೋರಿಸುವ ಪದ್ಧತಿ ಈ ಕಾಲಕ್ಕೆ ಚೆನ್ನಾಗಿ ಕುದುರಿತ್ತು. ಮುಖ ನೋಡಿ ಯಾರೆಂದು ಹೇಳಲಾಗದು, ಕೈ ನೋಡಬೇಕು. ತಕ್ಕಡಿ ಹಿಡಿದಿದ್ದರೆ ಏಕ್ವಿಟಾಸ್, ಅಂದರೆ ನ್ಯಾಯವಾದ ವ್ಯವಹಾರ. ಅದೇ ತಕ್ಕಡಿ ಟಂಕಸಾಲೆಯ ದೇವಿ ಮೊನೇಟಾ ಕೈಯಲ್ಲೂ ಇರುತ್ತದೆ, ಆಗ ಸುತ್ತ ಬರೆದ ಹೆಸರೇ ಗತಿ. ಹಡಗಿನ ಚುಕ್ಕಾಣಿ ಹಿಡಿದವಳು ಫಾರ್ಚೂನಾ. ಅದೃಷ್ಟ ಯಾವ ಕಡೆ ತಿರುಗಿಸುತ್ತದೋ ಬದುಕು ಆ ಕಡೆ, ಅಲ್ವಾ? ತೆನೆ ಹಿಡಿದು ಪಕ್ಕದಲ್ಲಿ ಕೊಳಗದಂಥ ಅಳತೆ ಪಾತ್ರೆ ಇಟ್ಟುಕೊಂಡವಳು ಅನ್ನೋನಾ. ರೋಮ್‌ಗೆ ಈ ವರ್ಷವೂ ಧಾನ್ಯ ಬರುತ್ತದೆ ಅನ್ನುವ ಭರವಸೆ ಅದು. ಹೂವು ಹಿಡಿದು ಲಂಗದ ಅಂಚು ಎತ್ತಿ ಹೆಜ್ಜೆ ಇಡುವವಳು ಸ್ಪೆಸ್, ಭರವಸೆ. ಬಿಡುಗಡೆಯಾದ ಗುಲಾಮನ ಟೋಪಿ ಹಿಡಿದವಳು ಲಿಬರ್ಟಾಸ್. ಸೀಸರ್‌ನನ್ನು ಕೊಂದ ಮೇಲೆ ಬ್ರೂಟಸ್ ಎರಡು ಕಠಾರಿಗಳ ನಡುವೆ ಹಾಕಿಸಿದ್ದೂ ಇದೇ ಟೋಪಿಯನ್ನು.

ಬಟ್ಟಲಿನಿಂದ ಹಾವಿಗೆ ಉಣಿಸುತ್ತಿರುವವಳು ಸಾಲುಸ್. ನಮ್ಮ ಕಣ್ಣಿಗೆ ತಕ್ಷಣ ನಾಗರಪಂಚಮಿ ಕಾಣುತ್ತದೆ, ಆದರೆ ಅದನ್ನು ಹಾಗೆ ಓದಬಾರದು. ಅಲ್ಲಿ ಹಾವು ಆರೋಗ್ಯದ ಗುರುತು. ಚಕ್ರವರ್ತಿ ಕ್ಷೇಮ, ಅವನು ಕ್ಷೇಮವಾದರೆ ನೀವೂ ಕ್ಷೇಮ ಅನ್ನುವುದು ಆ ಚಿತ್ರದ ಮಾತು.

ಹೇಡ್ರಿಯನ್ ತಾನು ಸುತ್ತಿದ ನಾಡುಗಳನ್ನೇ ಚಿತ್ರ ಮಾಡಿಸಿದ. ಸ್ಪೇನ್‌ಗೆ ಮೊಲ ಮತ್ತು ಆಲಿವ್ ರೆಂಬೆ, ಆಫ್ರಿಕಾಕ್ಕೆ ಆನೆಯ ಸೊಂಡಿಲಿನ ಟೋಪಿ ಮತ್ತು ಚೇಳು. ಇವು ಸ್ವಲ್ಪ ದುಬಾರಿ, ಆದರೆ ತಿರುಗಾಡುವ ಚಟ ಇದ್ದವರಿಗೆ ಬಿಡಲು ಮನಸ್ಸಾಗದು.

ನನ್ನ ಹತ್ತಿರ ಇರುವುದು ಫೌಸ್ಟಿನಾಳ ನವಿಲು. ಆಂಟೊನೈನಸ್ ಪಯಸ್‌ನ ಹೆಂಡತಿ ಇವಳು, 140ರ ಸುಮಾರಿಗೆ ತೀರಿಕೊಂಡಳು. ಗಂಡ ಆಮೇಲೂ ವರ್ಷಗಟ್ಟಲೆ ಅವಳ ಹೆಸರಲ್ಲಿ ನಾಣ್ಯ ಹೊಡೆಸಿದ, ಫೋರಂನಲ್ಲಿ ದೇವಸ್ಥಾನ ಕಟ್ಟಿಸಿದ. ಆ ಕಂಬಗಳು ಈಗಲೂ ನಿಂತಿವೆ. ಸತ್ತ ಚಕ್ರವರ್ತಿಗಳನ್ನು ಸ್ವರ್ಗಕ್ಕೆ ಒಯ್ಯುವುದು ಹದ್ದು, ರಾಣಿಯರನ್ನು ಒಯ್ಯುವುದು ಜೂನೋ ದೇವಿಯ ನವಿಲು. ನನ್ನ ನಾಣ್ಯದಲ್ಲಿ ನವಿಲು ಬಲಕ್ಕೆ ಹೆಜ್ಜೆ ಇಡುತ್ತಾ ಕತ್ತು ಮಾತ್ರ ಹಿಂದಕ್ಕೆ ತಿರುಗಿಸಿದೆ. ಬಿಟ್ಟು ಹೋಗುವವರು ಒಮ್ಮೆ ತಿರುಗಿ ನೋಡಿದ ಹಾಗೆ. ಇದು ತೀರಾ ಸಾಮಾನ್ಯವಾಗಿ ಸಿಗುವ ನಾಣ್ಯ. ಅಪರೂಪವಾದದ್ದೇ ಚೆಂದ ಅನ್ನುವ ಮಾತನ್ನು ನಾನು ಒಪ್ಪದಿರುವುದು ಇದರಿಂದಲೇ.

ಮೂರನೇ ಶತಮಾನ ಮತ್ತು ಆಮೇಲೆ

ಕಡಿಮೆ ಬಜೆಟ್‌ನವರು ಇಲ್ಲಿಗೆ ಬನ್ನಿ. ಸೆವೆರಸ್ ಮನೆತನದ ರಾಣಿಯರ ದಿನಾರಿಯಸ್‌ಗಳು ಚೆನ್ನಾಗಿಯೂ ಇರುತ್ತವೆ, ನೂರು ಡಾಲರ್ ಒಳಗೂ ಸಿಗುತ್ತವೆ. ಜೂಲಿಯಾ ಡೊಮ್ನಾಳ ಒಂದು ನಾಣ್ಯದಲ್ಲಿ ಈಜಿಪ್ಟಿನ ಐಸಿಸ್ ದೇವಿ ಮಗುವಿಗೆ ಹಾಲೂಡಿಸುತ್ತಾ ಹಡಗಿನ ಮೂತಿಯ ಮೇಲೆ ಕಾಲಿಟ್ಟು ನಿಂತಿದ್ದಾಳೆ. ಅದೇ ಮನೆತನದ ಚಕ್ರವರ್ತಿ ಎಲಗಬಾಲಸ್ ತನ್ನೂರಾದ ಸಿರಿಯಾದ ಎಮೆಸಾದ ಕಪ್ಪು ಕಲ್ಲಿನ ದೇವರನ್ನು ನಾಲ್ಕು ಕುದುರೆಯ ರಥದಲ್ಲಿ ಕೂರಿಸಿ ನಾಣ್ಯಕ್ಕೆ ಹಾಕಿಸಿದ. ಅದು ಮಾತ್ರ ದುಬಾರಿ.

215ರಲ್ಲಿ ಕ್ಯಾರಕಲ್ಲಾ ಹೊಸ ನಾಣ್ಯ ತಂದ, ಈಗ ಅದನ್ನು ಆಂಟೊನಿನಿಯಾನಸ್ ಅನ್ನುತ್ತಾರೆ. ದೊರೆಯ ತಲೆಯ ಮೇಲೆ ಸೂರ್ಯನ ಕಿರಣದಂಥ ಕಿರೀಟ ಇದ್ದರೆ ಅದೇ. ಬೆಲೆ ಎರಡು ದಿನಾರಿಯಸ್ ಅಂತ ಲೆಕ್ಕ, ಒಳಗಿನ ಬೆಳ್ಳಿ ಒಂದೂವರೆಯಷ್ಟು. ಮೂರನೇ ಗಾರ್ಡಿಯನ್‌ನವು ಐವತ್ತು ಡಾಲರ್ ಆಸುಪಾಸಿಗೇ ಸಿಗುತ್ತವೆ, ದೊಡ್ಡ ನಾಣ್ಯ, ಅಕ್ಷರ ಸ್ಪಷ್ಟ. ಮಕ್ಕಳಿಗೆ ಕೊಡುವುದಾದರೆ ಅರಬ್ ಫಿಲಿಪ್‌ನದನ್ನು ಹುಡುಕಿ. 248ರಲ್ಲಿ ರೋಮ್‌ಗೆ ಸಾವಿರ ವರ್ಷ ತುಂಬಿದ ಉತ್ಸವಕ್ಕೆ ಅವನು ಪ್ರಾಣಿಗಳ ಸಾಲನ್ನೇ ಹೊಡೆಸಿದ. ಸಿಂಹ, ಅವಳಿ ಮಕ್ಕಳಿಗೆ ಹಾಲೂಡುವ ತೋಳ, ಜಿಂಕೆ, ಅವನ ಹೆಂಡತಿ ಒಟಾಸಿಲಿಯಾ ಹೆಸರಲ್ಲಿ ನೀರಾನೆ. ಚಿತ್ರದ ಅಡಿಯಲ್ಲಿ ಟಂಕಸಾಲೆಯ ಯಾವ ವಿಭಾಗದ್ದು ಅನ್ನುವ ಸಂಖ್ಯೆಯೂ ಇರುತ್ತದೆ. ಒಂದೊಂದಾಗಿ ಕೂಡಿಸುವ ಖುಷಿ ಇದೆ.

ನಾಲ್ಕನೇ ಶತಮಾನದ ಸಿಲಿಕ್ವಾ ಎಂಬ ತೆಳು ನಾಣ್ಯದಲ್ಲಿ ಬೆಳ್ಳಿ ಮತ್ತೆ ಚೆನ್ನಾಗಿದೆ, ಚಿತ್ರ ಮಾತ್ರ ಬಡವಾಗಿದೆ. ಹಾರದ ಒಳಗೆ ಹರಕೆಯ ಬರಹ, ಇಲ್ಲವೇ ಕೂತ ರೋಮಾ. ಬ್ರಿಟನ್ನಿನಲ್ಲಿ ಸಿಗುವವಲ್ಲಿ ಹೆಚ್ಚಿನವುಗಳ ಅಂಚು ಕತ್ತರಿಸಿರುತ್ತಾರೆ. 1992ರಲ್ಲಿ ಸಿಕ್ಕ ಹಾಕ್ಸ್‌ನ್ ನಿಧಿಯ ಸಾವಿರಾರು ನಾಣ್ಯಗಳೂ ಹಾಗೇ ಇದ್ದವು. ಚಿತ್ರಕ್ಕಾಗಿ ಕೊಳ್ಳುವವರಿಗೆ ನಾನು ಇದನ್ನು ಹೇಳುವುದಿಲ್ಲ.

ದುಡ್ಡು ಕೊಡುವ ಮೊದಲು

ಇಂಗ್ಲೆಂಡಿನಲ್ಲಿದ್ದಾಗ ನಾನು ಕೊಂಡ ಮೊದಲ ದಿನಾರಿಯಸ್ ನಕಲಿ. ವಾರದ ಸಂತೆಯ ಒಂದು ಅಂಗಡಿಯಲ್ಲಿ ತಗೊಂಡಿದ್ದು. ಮನೆಗೆ ಬಂದು ಭೂತಗನ್ನಡಿ ಹಿಡಿದಾಗ ಅಂಚಿನ ಸುತ್ತ ಒಂದು ಗೆರೆ, ಮೇಲ್ಮೈಯಲ್ಲಿ ಸೂಜಿಮೊನೆಯಷ್ಟು ಗುಳ್ಳೆಗಳು ಕಂಡವು. ಅಚ್ಚಿಗೆ ಲೋಹ ಸುರಿದು ಮಾಡಿದ್ದು. ಸುತ್ತಿಗೆಯಲ್ಲಿ ಹೊಡೆದ ನಾಣ್ಯಕ್ಕೆ ಇವು ಇರುವುದಿಲ್ಲ, ಅಂಚಿನಲ್ಲಿ ಬಿರುಕು ಇರಬಹುದು. ಹಾಗಾಗಿ ಮಾರುವವರ ಹತ್ತಿರ ತೂಕ ಕೇಳಿ, ಅಂಚಿನ ಫೋಟೋ ಕೇಳಿ. ಮೂರರಿಂದ ನಾಲ್ಕು ಗ್ರಾಂ ಇರಬೇಕಾದದ್ದು ಎರಡೂವರೆ ಇದ್ದರೆ ಒಳಗೆ ತಾಮ್ರ ಇರಬಹುದು. ಹಾಗೆ ಬೆಳ್ಳಿ ಹೊದಿಸಿದ್ದು ರೋಮ್‌ನ ಕಾಲದ ಮೋಸವೇ ಆಗಿರಬಹುದು. ಅಂಥದ್ದು ಬೇಕು ಅಂತ ಗೊತ್ತಿದ್ದೇ ಕೊಂಡರೆ ಸರಿ.

ಕಾಗದಪತ್ರದ ಮಾತಿಗೆ ಬ್ರೂಟಸ್‌ನ ಚಿನ್ನದ ನಾಣ್ಯವೇ ಸಾಕ್ಷಿ. 2020ರಲ್ಲಿ ಲಂಡನ್ನಿನ ಹರಾಜಿನಲ್ಲಿ ಮೂವತ್ತು ಲಕ್ಷ ಡಾಲರ್ ಮೀರಿ ಹೋಯಿತು. ಎಲ್ಲಿಂದ ಬಂತು ಅನ್ನುವ ದಾಖಲೆ ಸುಳ್ಳು ಅಂತ ಆಮೇಲೆ ಗೊತ್ತಾಗಿ 2023ರಲ್ಲಿ ಗ್ರೀಸ್‌ಗೆ ವಾಪಸ್ ಹೋಯಿತು. ಐವತ್ತು ಡಾಲರ್ ನಾಣ್ಯಕ್ಕೂ ಹಿಂದಿನ ಮಾಲೀಕರ ವಿವರ ಕೇಳಿ, ಬಿಲ್ ಜೋಪಾನ ಮಾಡಿ. ಭಾರತದಲ್ಲಿ 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ನಾಣ್ಯ ಪ್ರಾಚ್ಯವಸ್ತು. ಮಾರುವವರಿಗೆ ಪರವಾನಗಿ ಬೇಕು. ನೀವಾಗಿ ದೇಶದಿಂದ ಹೊರಗೆ ಒಯ್ಯುವ ಹಾಗಿಲ್ಲ, ಅಮೆರಿಕದಲ್ಲಿರುವ ಮಗನಿಗೆ ಉಡುಗೊರೆ ಕಳಿಸುವ ಹಾಗೂ ಇಲ್ಲ. ಹೊಲದಲ್ಲಿ ಸಿಕ್ಕಿತು ಅಂತ ಯಾರಾದರೂ ಗುಟ್ಟಾಗಿ ತಂದರೆ ಮುಟ್ಟಬೇಡಿ. ನೆಲದಲ್ಲಿ ಸಿಕ್ಕ ನಿಧಿಯನ್ನು ಸರ್ಕಾರಕ್ಕೆ ತಿಳಿಸಲೇಬೇಕು. ಬರೀ ನೋಡುವ ಆಸೆಯಾದರೆ ಚೆನ್ನೈ ಎಗ್ಮೋರ್‌ನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ದಕ್ಷಿಣ ಭಾರತದಲ್ಲಿ ಸಿಕ್ಕ ರೋಮನ್ ನಾಣ್ಯಗಳ ದೊಡ್ಡ ಸಂಗ್ರಹವೇ ಇದೆ.

ನಾಣ್ಯ ಕೈಗೆ ಬಂದ ಮೇಲೆ ಇನ್ನೊಂದು ಮಾತು. ಬೆಳ್ಳಿ ಅಂದ ಕೂಡಲೇ ದೇವರ ದೀಪ ಬೆಳಗಿದ ಹಾಗೆ ವಿಭೂತಿಯನ್ನೋ ಹುಣಸೆಹಣ್ಣನ್ನೋ ಹಚ್ಚಿ ಉಜ್ಜಲು ಕೈ ಹೋಗುತ್ತದೆ. ದಯವಿಟ್ಟು ಬೇಡ. ನನ್ನ ನವಿಲಿನ ಗರಿಗಳ ನಡುವೆ ಕಪ್ಪು ಕೂತಿದೆ. ಆ ಕಪ್ಪು ಇರುವುದರಿಂದಲೇ ಒಂದೊಂದು ಗರಿಯೂ ಬೇರೆ ಬೇರೆ ಕಾಣುತ್ತದೆ.